ಮೆರವಣಿಗೆಗೆ ಸಿಕ್ಕಿಬಿದ್ದ ನನ್ನ ಕಾರು

ಮುಳಬಾಗಿಲಿನ ವೆಲ್ಡಿಂಗ್ ಶೆಡ್ಡಿಗೆ ಕಾಲಿಟ್ಟ ಕೂಡಲೇ ಮೈಯೆಲ್ಲ ಉರಿದುಹೋಯಿತು. ನನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಡಿಕ್ಕಿಯ ಮೇಲೆ ಕಬ್ಬಿಣದ ಪೈಪಿನ ಸಿಂಹಾಸನವೊಂದು ಎದ್ದು ನಿಂತಿತ್ತು! ಪಕ್ಕದಲ್ಲಿ ನಮ್ಮ ಸೋದರಮಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು.

ಎಂಬತ್ತರ ದಶಕದ ಆರಂಭದ ಮಾತು. ನಮ್ಮ ದೇಶದಲ್ಲೇ ತಯಾರಾಗಿದ್ದ ಹೆರಾಲ್ಡ್ ಕಾರಿನ ಬಿಡಿಭಾಗಗಳು ಹೊಂದುತ್ತವೆಂದೇ, ಅಗ್ಗಕ್ಕೆ ಸಿಕ್ಕ ಆ ಎರಡು ಸೀಟಿನ ಹಳೇ ಇಂಗ್ಲಿಷ್ ಕಾರನ್ನು ಆರಿಸಿ ತಂದಿದ್ದೆ. ಕಾರ್ಬುರೇಟರ್ ಬದಲಿಸಿ, ಭಾರ ಇಳಿಯಲೆಂದು ಬಂಪರನ್ನೂ ಬಿಚ್ಚಿಹಾಕಿದ್ದೆ. ಕೋಲಾರದ ರಸ್ತೆಯಲ್ಲಿ ಗಾಳಿಯಂತೆ ಓಡುತ್ತಿತ್ತು. ಆದರೆ ನಮ್ಮೂರಿನಲ್ಲಿ ಮೇಲೆ ಟಾಪಿಲ್ಲದ ಕಾರು ಅಂದರೆ ಮದುವೆ ಮೆರವಣಿಗೆಯ ಕಾರು, ಅಷ್ಟೇ. ಮಗಳ ಮದುವೆಗೆಂದು ಕೇಳಿ ಒಯ್ದಿದ್ದ ಮಾವ ಮಾಡಿಸಿದ ಕೆಲಸವಿದು.

“ಯಾರನ್ನ ಕೇಳಿ ವೆಲ್ಡಿಂಗ್ ಮಾಡ್ಸಿದ್ರಿ ಮಾವ?” ಎಂದು ಕೂಗಿದೆ.

“ಏನ್ಲಾ ಹಂಗ್ ಕಿರುಚ್ತೀಯ? ಆ ತಗ್ಗು ಸೀಟಲ್ಲಿ ಕೂತ್ರೆ ಗಂಡೂ ಹೆಣ್ಣೂ ಯಾರಿಗ್ ಕಾಣ್ತಾರೆ? ಕಾರ್ ಇರೋದು ಬರೀ ಓಡ್ಸಕ್ಕಾ? ನಾಲ್ಕ್ ಜನ ನೋಡ್‌ಬೇಡ್ವಾ?”

ಆ ಪೀಠ ಮತ್ತೆ ಇಳಿಯಲೇ ಇಲ್ಲ. ಕತ್ತರಿಸಲು ಹೊರಟಾಗಲೆಲ್ಲ ಇನ್ನೊಬ್ಬ ನೆಂಟರ ಮನೆಯ ಮದುವೆ ಅಡ್ಡ ಬರುತ್ತಿತ್ತು. ನನ್ನನ್ನು ಕೇಳದೆ ಮಾವ ಆಗಲೇ ಮಾತು ಕೊಟ್ಟಿರುತ್ತಿದ್ದರು. ಶ್ರೀನಿವಾಸಪುರದಲ್ಲಿ ನನ್ನದೇ ಮದುವೆಯ ಮೆರವಣಿಗೆ ಹೊರಟಿದ್ದು ಬಾಡಿಗೆಯ ಅಂಬಾಸಿಡರ್ ಕಾರಿನಲ್ಲಿ. ನನ್ನ ಕಾರು ಆ ದಿನ ತಾಯಲೂರಿನಲ್ಲಿ ಬೇರೆ ಯಾರದೋ ಮದುವೆಗೆ ಹೋಗಿತ್ತು.