ಮೊದಲಿಯಾರರ ಬಲಗಡೆ ಸಿಲಿಂಡರು

ಹೋದ ಭಾನುವಾರ ಬೆಳಿಗ್ಗೆ ನಟೇಶ ಮೊದಲಿಯಾರರು ನನ್ನ ಕೈ ಹಿಡಿದು, ಬೆರಳುಗಳನ್ನು ಒಂದು ಕಬ್ಬಿಣದ ತೂತಿನೊಳಕ್ಕೆ ತೂರಿಸಿದರು.

"ಸವರಿ ನೋಡಿ. ಎಲ್ಲಾದ್ರೂ ತಡೀತದಾ?"

ಎಲ್ಲೂ ತಡೆಯಲಿಲ್ಲ. ತೊಳೆದಿಟ್ಟ ಪಿಂಗಾಣಿ ಬಟ್ಟಲಿನ ಒಳಮೈ ಹಾಗಿತ್ತು.

ಮೊದಲಿಯಾರರು ರೈಲ್ವೆಯಲ್ಲಿ ಡ್ರೈವರ್ ಆಗಿದ್ದು ರಿಟೈರ್ ಆದವರು. ಹಲಸೂರಿನಲ್ಲಿ ಮನೆ. ಹಿತ್ತಲಿನ ಶೆಡ್ಡಿನಲ್ಲಿ ಕಬ್ಬಿಣ ಕೊರೆಯಲು ಕಾಲಿನಿಂದ ತುಳಿದು ತಿರುಗಿಸುವ ಒಂದು ಲೇತ್. ಅದರಲ್ಲಿ ಅವರೊಂದು ರೈಲ್ವೆ ಸ್ಟೀಮ್ ಎಂಜಿನ್ನಿನ ಮಾಡೆಲ್ ಮಾಡುತ್ತಿದ್ದಾರೆ. ಮಾಡೆಲ್ ಎಂದೊಡನೆ ಗಾಜಿನ ಬೀರುವಿನಲ್ಲಿಡುವ ಗೊಂಬೆ ಎಂದುಕೊಂಡಿರಾ? ಮಂಚದಷ್ಟು ಉದ್ದವಿದೆ. ಕಲ್ಲಿದ್ದಲು ಹಾಕಿ, ನೀರು ಕಾಯಿಸಿ, ಹಿಂದೆ ಒಬ್ಬರು ಕೂತು ಓಡಿಸುವಂಥದ್ದು.

ಅದಕ್ಕೆ ಎರಡು ಸಿಲಿಂಡರು, ಎಡಕ್ಕೊಂದು ಬಲಕ್ಕೊಂದು. (ಆವಿ ಒಳಗೆ ನುಗ್ಗಿ ಚಕ್ರ ತಿರುಗಿಸುವುದು ಇವುಗಳಿಂದಲೇ.) ಅವುಗಳ ಎರಕದ ತುಂಡುಗಳು ಯುದ್ಧಕ್ಕೆ ಮುಂಚೆ ಹಡಗಿನಲ್ಲಿ ಬಂದವು. ಈಗ ಎಲ್ಲಿಯ ಹಡಗು? ಊರಿನ ಕಬ್ಬಿಣವೆಲ್ಲ ಯುದ್ಧದ ಬಾಯಿಗೆ ಹೋಗುತ್ತಿದೆ.

ಆ ತುಂಡು ಎಷ್ಟು ಭಾರವೆಂದರೆ, ಕಟ್ಟಿ ತಿರುಗಿಸಿದರೆ ಲೇತೇ ನಡುಗುತ್ತದೆ. ಮೊದಲಿಯಾರರು ಉಪಾಯ ಹುಡುಕಿದರು. ಕಬ್ಬಿಣ ತಿರುಗುವುದು ಬೇಡ, ಉಳಿಯೇ ತಿರುಗಲಿ! ತುಂಡನ್ನು ಬೋಲ್ಟು ಹಾಕಿ ಅಲುಗದಂತೆ ಬಿಗಿದರು. ಉಳಿ ಸಿಕ್ಕಿಸಿದ ಸಲಾಕೆಯನ್ನು ಅದರ ಹೊಟ್ಟೆಯೊಳಗೆ ಹಾಯಿಸಿ, ತುಳಿಯತೊಡಗಿದರು. ಒಂದು ಸಲಕ್ಕೆ ಕೂದಲೆಳೆಯಷ್ಟು ಮಾತ್ರ ಕೊರೆತ. ಹೀಗೆ ವಾರವಿಡೀ ತುಳಿದು ಬಲಗಡೆಯದನ್ನು ಮುಗಿಸಿದ್ದರು. ನನ್ನನ್ನು ಕರೆಸಿದ್ದು ಅದನ್ನು ತೋರಿಸುವುದಕ್ಕೇ.

ನಾವು ಕಾಫಿ ಕುಡಿಯುತ್ತಿದ್ದಾಗ ಮುನಿತಾಯಮ್ಮ ಬಂದರು. ಜೋಗುಪಾಳ್ಯದಲ್ಲಿ ಹಿಟ್ಟಿನ ಮಿಲ್ ನಡೆಸುವಾಕೆ. ಸೆರಗಿನಿಂದ ಒಂದು ಕಬ್ಬಿಣದ ಬಳೆಯನ್ನು ತೆಗೆದು ಮುಂದಿಟ್ಟರು. ಅದು ಬುಷ್, ಮಿಲ್ಲಿನ ದಪ್ಪ ಸಲಾಕೆ ಇದರೊಳಗೇ ತಿರುಗಬೇಕು. ಉದ್ದಕ್ಕೂ ಸೀಳಿಹೋಗಿತ್ತು.

"ಪ್ಯಾಟೆಯಾಗೆ ಎಲ್ಲಾ ವರ್ಕ್‌ಶಾಪೂ ಸುತ್ತಿದೆ ಸಾಮಿ. ಮಿಲಿಟ್ರಿ ಕೆಲ್ಸ ಐತೆ, ಮುಂದಿನ ತಿಂಗಳು ಬಾ ಅಂತಾರೆ. ನೀವೇ ಏನಾದ್ರೂ ಮಾಡಿ."

ಮೊದಲಿಯಾರರು ಶೆಡ್ಡನ್ನೆಲ್ಲ ತಡಕಾಡಿದರು. ಅಷ್ಟು ದಪ್ಪದ ತುಂಡು ಸಿಗಲಿಲ್ಲ. ಆಕೆಯ ಕಣ್ಣು ಮಾತ್ರ ಲೇತಿಗೆ ಬಿಗಿದಿದ್ದ ಸಿಲಿಂಡರಿನ ಮೇಲೇ ಇತ್ತು.

"ಅದು ಆಗಲ್ವಾ ಸಾಮಿ?"

"ಅದು ಆಗಲ್ಲಮ್ಮ," ಎಂದರು ಮೊದಲಿಯಾರರು, ಗಡಸಾಗಿಯೇ.

"ಸರಿ ಬಿಡಿ. ನಿಮ್ಮ ವಸ್ತು. ಕೇಳಿದೆ, ಅಷ್ಟೇಯ." ಆಕೆ ಎದ್ದು ಹೋದರು.

ನಿಜ ಹೇಳಬೇಕೆಂದರೆ ನನಗೂ ಸಮಾಧಾನವಾಯಿತು. ಅಷ್ಟು ಚಂದದ ಕೆಲಸವನ್ನು ಯಾರಾದರೂ ಹಾಳುಮಾಡುತ್ತಾರೆಯೇ?

ಆದರೆ ಮೊದಲಿಯಾರರಿಗೆ ಕಾಫಿ ಸೇರಲಿಲ್ಲ. ಲೋಟ ಕೆಳಗಿಟ್ಟರು. "ಬನ್ರೀ, ಹೋಗಿ ನೋಡ್ಕೊಂಡು ಬರೋಣ. ಒಡೆದಿರೋದಕ್ಕೇ ಪಟ್ಟಿ ಹಾಕೋಕಾಗ್ತದೇನೋ."

ಮಿಲ್ಲಿನ ಬಾಗಿಲು ಮುಚ್ಚಿತ್ತು. ಆದರೂ ಹೊರಗೆ ದೊಡ್ಡ ಕ್ಯೂ ಇತ್ತು. ಕ್ಯೂನಲ್ಲಿ ಜನವಿರಲಿಲ್ಲ, ಡಬ್ಬಗಳಿದ್ದವು! ರೇಷನ್ ರಾಗಿ, ರೇಷನ್ ಗೋಧಿ ತುಂಬಿದ ಡಬ್ಬಗಳು, ಬುಟ್ಟಿಗಳು, ಒಂದು ತಲೆದಿಂಬಿನ ಚೀಲ. ಗೋಡೆಗುಂಟ ಮೂಲೆಯವರೆಗೂ ಸಾಲಾಗಿ ಕುಳಿತಿದ್ದವು.

"ಮಿಲ್ ಆಡಲ್ಲ ಅಂತ ಎಲ್ರಿಗೂ ಹೇಳಿದೀನಿ," ಎಂದರು ಮುನಿತಾಯಮ್ಮ. "ಆದ್ರೂ ಇಟ್ಟು ಹೋಗ್ತಾರೆ. ಬೇಡ ಅಂದ್ರೆ, ಇರ್ಲಿ ಬಿಡಕ್ಕ, ಶುರುವಾದಾಗ ಹಾಕ್ಕೊಡು ಅಂತಾರೆ. ನಾನೇನ್ ಮಾಡ್ಲಿ?"

ಮೊದಲಿಯಾರರು ಒಳಗೆ ಹೋಗಿ ಸಲಾಕೆಯನ್ನು ಮುಟ್ಟಿ, ಅಳೆದು, ಬಗ್ಗಿ ನೋಡಿದರು. ಪಟ್ಟಿ ನಿಲ್ಲುವಂತಿರಲಿಲ್ಲ. ಹೊರಗೆ ಬಂದು ಡಬ್ಬಗಳ ಸಾಲಿನ ಪಕ್ಕದಲ್ಲೇ ಮೂಲೆಯವರೆಗೂ ನಡೆದರು.

ಶೆಡ್ಡಿಗೆ ಬಂದವರೇ ಬೋಲ್ಟು ಸಡಿಲಿಸಿ ಬಲಗಡೆ ಸಿಲಿಂಡರನ್ನು ಎತ್ತಿ ನೆಲದ ಮೇಲಿಟ್ಟು ಮಂಡಿಯೂರಿದರು.

ನನಗೆ ತಡೆಯಲಾಗಲಿಲ್ಲ. "ಅಲ್ರೀ, ಕೊಡೋದಾದ್ರೆ ಎಡಗಡೆಯದು ಕೊಡಿ. ಅದನ್ನಿನ್ನೂ ಕೊರೆದೇ ಇಲ್ಲವಲ್ಲ?"

"ಅದನ್ನ ಕೊರೆಯೋಕೆ ಇನ್ನೊಂದು ವಾರ ಬೇಕು. ಇದು ರೆಡಿ ಇದೆ. ಒಳಗೆ ಸ್ವಲ್ಪ ಅಗಲ ಮಾಡಿ, ಹೊರಗೆ ಗರಗಸ ಹಾಕಿದ್ರೆ ಆಯ್ತು." ಗರಗಸ ಕೈಗೆತ್ತಿಕೊಂಡು, "ಒಂದು ವಾರ ಆ ಡಬ್ಬಗಳು ಅಲ್ಲೇ ಕೂತಿರ್ಬೇಕಾ?" ಎಂದರು.

(ಕೊಡುವುದಾದರೆ ಮಿಕ್ಕಿದ್ದನ್ನು, ಹಳೆಯದನ್ನು, ಅರ್ಧಂಬರ್ಧದ್ದನ್ನು ಕೊಟ್ಟು ರೂಢಿ ನಮಗೆ. ಮುಗಿಸಿ ಹೊಳಪು ಬಂದದ್ದನ್ನೇ ಎತ್ತಿ ಕೊಟ್ಟವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ?)

ಗರಗಸದ ಮೊದಲ ಎಳೆತ ಬಿದ್ದಾಗ ಅವರು ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ಆಮೇಲೆ ಮುಚ್ಚಲಿಲ್ಲ. ಅವರ ಹೆಂಡತಿ ಕನಕಮ್ಮನವರು ಬಾಗಿಲಿಗೆ ಬಂದು ನೋಡಿದರು. ವರ್ಷಗಟ್ಟಲೆ ಆ ತುಂಡಿನ ಮೇಲಿನ ಧೂಳು ಒರೆಸಿದವರು. ಒಳಗೆ ಹೋಗಿ, ಗಂಡನ ಮಂಡಿಯಡಿಗೆ ಹಾಕಲು ಒಂದು ಹಳೆಯ ಗೋಣಿ ತಂದುಕೊಟ್ಟರು.

ಮಾರನೆಯ ದಿನ ಮಧ್ಯಾಹ್ನ ಮಿಲ್ ತಿರುಗಿತು. ಮೊದಲಿಯಾರರೇ ಬುಷ್ ಕೂರಿಸಿ, ಎಣ್ಣೆ ಬಿಟ್ಟು, ಅದರ ಮೇಲೆ ಕೈಯಿಟ್ಟು ಬಿಸಿಯಾಗುತ್ತದೋ ಎಂದು ನೋಡುತ್ತ ನಿಂತರು. ಬಿಸಿಯಾಗಲಿಲ್ಲ. ರೆಪ್ಪೆಯೆಲ್ಲ ಹಿಟ್ಟಾದ ಮುನಿತಾಯಮ್ಮ, "ನಿಮ್ಮ ರೈಲು ಕೆಡಿಸಿಬಿಟ್ನಲ್ಲ ಸಾಮಿ," ಎಂದು ಕಣ್ಣೊರೆಸಿಕೊಂಡರು.

"ರೈಲು ಎಲ್ಲಿಗೂ ಹೋಗಲ್ಲಮ್ಮ, ಶೆಡ್ಡಲ್ಲೇ ಇರ್ತದೆ," ಎಂದರು ಮೊದಲಿಯಾರರು. ನಗಲು ನೋಡಿದರು. ಅಷ್ಟಾಗಿ ಆಗಲಿಲ್ಲ.

ನಿನ್ನೆ ಮತ್ತೆ ಹೋಗಿದ್ದೆ. ಎಡಗಡೆಯ ತುಂಡು ಲೇತ್ ಏರಿತ್ತು. ಅವರು ಹಾಯಾಗಿ ತುಳಿಯುತ್ತಿದ್ದರು.

"ಒಂದೇ ಸಿಲಿಂಡರಿನಲ್ಲಿ ಎಂಜಿನ್ ಓಡುತ್ತದೇನ್ರೀ?" ಎಂದೆ.

"ಓಡ್ತದೆ ಕಣ್ರೀ. ಯಾಕೆ ಓಡಲ್ಲ? ಹೊರಡೋವಾಗ ಮಾತ್ರ ಯಾರಾದ್ರೂ ಹಿಂದಿನಿಂದ ಒಂದು ಸಲ ತಳ್ಬೇಕು, ಅಷ್ಟೇ."

ದಿನಾ ಬೆಳಿಗ್ಗೆ ಪೆಟ್ರೋಲಿಲ್ಲದೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ತಳ್ಳಿಯೇ ಆಫೀಸಿಗೆ ಹೋಗುವ ನಮಗೆ ಇದೂ ಒಂದು ಭಾರವೇ?