ಬಿಚ್ಚದ ಬೆಲ್ಟು

ಮಾನ್ಯ ಓದುಗರೇ,

ಬರೆದು ರೂಢಿಯಿಲ್ಲದ ಕೈ ನನ್ನದು. ಮಣಿಕಟ್ಟು ಮುರಿದು ಕೂಡಿದ ಮೇಲೆ ಅಕ್ಷರಗಳೂ ಸೊಟ್ಟಗಾಗಿವೆ. ಕಾಗುಣಿತದ ದೋಷಗಳನ್ನು ಮೊದಲಿಗೇ ಮನ್ನಿಸಬೇಕಾಗಿ ವಿನಂತಿ.

ನಮ್ಮ ಅಣ್ಣನವರು ಸಂಡೂರಿನ ಗಣಿಯಲ್ಲಿ ಓಡಿ ಹಳತಾದ, ಹಿಂದೆಯೂ ಸೀಟುಳ್ಳ ಪಿಕಪ್ ವಾಹನವೊಂದನ್ನು ಖರೀದಿಸಿದ್ದರೆಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ. ಎಷ್ಟು ತೊಳೆದರೂ ಸಂದಿಗಳಿಂದ ಅದಿರಿನ ಕೆಂಪು ಧೂಳು ಉದುರುತ್ತಿತ್ತು. ಹಿಂದಿನ ಸೀಟಿನಲ್ಲಿ ನನ್ನ ಬದಿಯ ಬೆಲ್ಟಿನ ಬಕಲ್ ರೆಕ್ಸಿನ್ ಕವರಿನಡಿ ಹೂತುಹೋಗಿತ್ತು. ಅತ್ತಿಗೆಯವರ ಬದಿಯದು ಧೂಳು ತುಂಬಿ ಬಿಗಿದಿತ್ತು. ಅವರು ಅದನ್ನು ಅಂಗೈಯಿಂದ ಗುದ್ದಿ ಹಾಕಿಕೊಳ್ಳುತ್ತಿದ್ದರು, ಬಿಚ್ಚಲು ಇಬ್ಬರು ಬೇಕಾಗುತ್ತಿತ್ತು. ಹಿಂದೆ ಕೂತವರಿಗೆ ಬೆಲ್ಟ್ಯಾಕೆ, ವಿಮಾನ ಹತ್ತಿದ್ದೀಯೇನು ಎಂದು ಅಣ್ಣ ನಗುತ್ತಿದ್ದರು.

ಎಮ್ಮಿಗನೂರಿನಿಂದ ಕಂಪ್ಲಿಗೆ ಹೊರಟಿದ್ದ ಮಧ್ಯಾಹ್ನ, ಕಬ್ಬು ಹೇರಿದ ಟ್ರ್ಯಾಕ್ಟರೊಂದು ಗದ್ದೆಯಿಂದ ರಸ್ತೆಗೆ ನುಗ್ಗಿತು. ಅಣ್ಣ ಸ್ಟೇರಿಂಗ್ ಎಳೆದರು. ವಾಹನವು ಟ್ರಾಲಿಯ ಮೂಲೆಗೆ ಅಪ್ಪಳಿಸಿ, ವಾರೆಯಾಗಿ ಜಾರಿ ಕಾಲುವೆಗೆ ಬಿತ್ತು. ನಾನು ಮುಂದಿನ ಸೀಟುಗಳ ನಡುವಿನಿಂದ ಹಾರಿ ಗಾಜಿಗೆ ಬಡಿದೆ; ಅಡ್ಡ ಹಿಡಿದ ಕೈಯ ಮಣಿಕಟ್ಟು ಮುರಿಯಿತು. ದವಡೆ ಮುರಿದ ಸದ್ದು ನನ್ನ ತಲೆಯೊಳಗೇ ಕೇಳಿಸಿತು. ಬಾಯಿತುಂಬ ರಕ್ತ, ಹಲ್ಲಿನ ಚೂರು.

ಅತ್ತಿಗೆ ಕೂತಲ್ಲೇ ಇದ್ದರು. ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ನೀರು ಎದೆಮಟ್ಟಕ್ಕೆ ಬಂದಿತ್ತು, ಬಕಲ್ ಬಿಚ್ಚಲೊಲ್ಲದು. ಅಣ್ಣ ಎಳೆದರು, ಒದ್ದರು, ಪಟ್ಟಿಯನ್ನು ಹಲ್ಲಿನಿಂದ ಕಚ್ಚಿದರು. ನೀರು ಗದ್ದಕ್ಕೇರಿತು. ಅಷ್ಟರಲ್ಲಿ ಕಬ್ಬು ಕಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಮಚ್ಚು ಹಿಡಿದೇ ಕಾಲುವೆಗೆ ಧುಮುಕಿದಳು.

"ಅಲುಗಾಡಬ್ಯಾಡ ಯವ್ವಾ, ಕೊಯ್ತೀನಿ."

ಒಡೆದ ಕಿಟಕಿಯಿಂದ ಕೈ ತೂರಿಸಿ ಕೊಯ್ದಳು. ಪಟ್ಟಿಯ ಜೊತೆಗೆ ಅತ್ತಿಗೆಯ ಹೆಗಲೂ ಸೀಳಿತು. ಕೆಂಪಾದ ನೀರಿನಿಂದ ಅವರನ್ನು ಕೂದಲು ಹಿಡಿದು ಹೊರಗೆಳೆದಳು.

ವಾಹನ ದುರಸ್ತಿಯಾಗಿ ಬಂದ ದಿನ ಅಣ್ಣ ಹಿಂದಿನ ಸೀಟಿನಲ್ಲಿ ಉಳಿದಿದ್ದ ಬೆಲ್ಟುಗಳನ್ನೆಲ್ಲ ಕತ್ತರಿಸಿ ಅಂಗಳಕ್ಕೆಸೆದರು. ನನ್ನ ಹೆಂಡತಿಯನ್ನು ಕೊಲ್ಲಲಿದ್ದ ಉರುಲು ಇವು ಎಂದು ಅವುಗಳನ್ನು ತುಳಿದರು. ಅತ್ತಿಗೆ ಹೊಲಿಗೆ ಬಿದ್ದ ಹೆಗಲನ್ನು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ನಿಮ್ಮ ತಮ್ಮನ ಬಾಯಿ ನೋಡ್ರಿ, ನನ್ನ ಬಾಯಿ ನೋಡ್ರಿ. ಅದು ಇತ್ತಂತ ನಾ ಕುಂತಲ್ಲೇ ಉಳದೆ. ಸರಿಯಾಗಿ ಬಿಚ್ಚೂವಂಥದ್ದು ಹೊಸಾದು ಹಾಕಿಸ್ರಿ. ಅಲ್ಲೀತನಕ ನಾ ಈ ಗಾಡಿ ಹತ್ತಂಗಿಲ್ಲ."

ಅಣ್ಣ ಗಾಡಿಯ ಬಾಗಿಲನ್ನು ಒದ್ದು ಮುಚ್ಚಿ, ಒಬ್ಬರೇ ಅದನ್ನು ಹೊಸಪೇಟೆಗೆ ಒಯ್ದರು. ಸಂಜೆ ಎರಡೂ ಬದಿಗೆ ಹೊಸ ಪಟ್ಟಿ, ಅತ್ತಿಗೆಯ ಬದಿಗೆ ಹೊಸ ಬಕಲ್ ಹಾಕಿಸಿಕೊಂಡು ಬಂದರು. ಅತ್ತಿಗೆ ಹಿಂದೆ ಕೂತು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. ಆಮೇಲೆ ನನ್ನ ಬದಿಯ ಕವರನ್ನು ಹರಿದು, ಅಲ್ಲಿಯ ಬಕಲನ್ನೂ ಮೇಲಕ್ಕೆಳೆದು, ಕೂಡು ಎಂದು ನನಗೆ ಸನ್ನೆ ಮಾಡಿದರು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿ ಓದಿಕೊಳ್ಳಬೇಕಾಗಿ ಕೋರುತ್ತೇನೆ.