ಹಳಿಗೆ ಅಡ್ಡ ನಿಂತ ಕೆಂಪು ಕಾರು

ಬ್ಲಾಜೆನಾ ಮೂವತ್ತನಾಲ್ಕು ವರ್ಷ ಚೆಕ್ ದೇಶದ ಬ್ರನೋ ಊರಿನಲ್ಲಿ ಟ್ರಾಮು ಓಡಿಸಿದವಳು. ಹಳಿ ಎಲ್ಲಿ ತಿರುಗಿತೋ ಅಲ್ಲೇ ತಿರುಗಿ, ಊರಿನ ತುದಿ ಬಂದರೆ ಮತ್ತೆ ವಾಪಸು. ನಿವೃತ್ತಳಾದ ಎರಡನೇ ವಸಂತದಲ್ಲಿ ಅವಳು, ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದ ತಂಗಿ ಕ್ವೇತಾಳ ಮನೆಗೆ ನುಗ್ಗಿ, ಆ ಪಿಯಾನೋ ಮೇಲೆ ಯುರೋಪಿನ ರೈಲು ನಕ್ಷೆ ಹರಡಿದಳು.

"ಸಿಸಿಲಿಗೆ ಹೋಗ್ತಿದ್ದೀವಿ. ರೈಲಲ್ಲೇ ಮಲಗ್ಕೊಂಡು."

"ವಿಮಾನದಲ್ಲಿ ಎರಡೂವರೆ ಗಂಟೆ ಕಣೇ ಅಕ್ಕಾ!"

"ಮೋಡ ನೋಡೋಕೆ ದುಡ್ಡು ಕೊಡ್ಬೇಕಾ? ಬಟ್ಟೆ ಕಟ್ಟು."

ಊರೂರಲ್ಲಿ ಇಳಿದು ನೋಡುವ ಆಸೆ ಇಬ್ಬರಿಗೂ ಇತ್ತು. ನೋಡುವುದೇನು ಎಂಬುದರಲ್ಲೇ ಜಗಳ. ವಿಯೆನ್ನಾದಲ್ಲಿ ರಾತ್ರಿಯ ರೈಲಿಗೆ ಇನ್ನೂ ಹೊತ್ತಿತ್ತು. ಬ್ಲಾಜೆನಾ ತಂಗಿಯನ್ನು ನಾಲ್ಕು ಗಂಟೆ ಕಾಲ ಟ್ರಾಮಿನಲ್ಲೇ ಸುತ್ತಿಸಿದಳು. "ಬ್ರೇಕ್ ಹಿಡಿಯೋದು ನೋಡೇ, ಬೆಣ್ಣೆ ಹಾಗೆ!" ಅಂತ ಮೊಣಕೈಯಿಂದ ತಿವಿದಳು. ರೈಲಿನ ಮಲಗುವ ಡಬ್ಬಿಯಲ್ಲಿ ಕ್ವೇತಾ ಗೋಡೆ ಕಡೆ ಮುಖ ಮಾಡಿ, ಊರಿಂದ ತಂದ ಕರಿದ ಮಾಂಸದ ಬ್ರೆಡ್ಡು ತಿನ್ನುತ್ತ ಮುನಿಸಿಕೊಂಡಳು. ಮಿಲಾನಿನಲ್ಲಿ ಮೊದಲು ದೊಡ್ಡ ಚರ್ಚು, ಆಮೇಲೇ ಟ್ರಾಮು ಎಂಬ ಒಪ್ಪಂದ ಆದ ಮೇಲೆಯೇ ದೀಪ ಆರಿದ್ದು.

ಮಾರನೆಯ ದಿನ ಮಾತಿನಂತೆ ಚರ್ಚಿನ ಚಾವಣಿಯವರೆಗೂ ಹತ್ತಿ ಇಳಿದರು. ಸಂಜೆ ಸಿಸಿಲಿಯ ರೈಲಿಗೆಂದು ನಿಲ್ದಾಣಕ್ಕೆ ಹೊರಟಾಗ ಎದುರಿಗೆ ಬಂತು ಹಳದಿ ಟ್ರಾಮು, ಮರದ ಬೆಂಚಿನದು, ಬ್ಲಾಜೆನಾಗಿಂತ ಎಷ್ಟೋ ಹಳೆಯದು. ಅವಳು ಹುಡುಗಿಯಂತೆ ಹಾರಿ ಹತ್ತಿ, ಚಾಲಕಿಯ ಬೆನ್ನ ಹಿಂದೆಯೇ ನಿಂತಳು.

ಐದನೇ ತಂಗುದಾಣ ದಾಟುತ್ತಲೇ ಟ್ರಾಮು ನಿಂತುಬಿಟ್ಟಿತು. ಪುಟ್ಟ ಕೆಂಪು ಕಾರೊಂದು ಬಾಲವನ್ನು ಹಳಿಯ ಮೇಲೆ ಚಾಚಿ ನಿಂತಿತ್ತು. ಒಳಗೆ ಯಾರೂ ಇಲ್ಲ. ಚಾಲಕಿ ಓರ್ನೆಲ್ಲಾ ಗಂಟೆ ಬಾರಿಸಿದಳು, ಫೋನು ಮಾಡಿದಳು, ಕೈ ಚೆಲ್ಲಿದಳು. ಒಂದು ಬೆರಳೆತ್ತಿ ಗಡಿಯಾರ ತೋರಿಸಿದಳು. ಕಾರು ಎಳೆಯುವ ಗಾಡಿ ಬರಲು ಒಂದು ಗಂಟೆ.

"ಒಂದು ಗಂಟೆ! ನಮ್ಮ ರೈಲು ಹೋಗೇ ಹೋಗುತ್ತೆ!" ಎಂದು ಕ್ವೇತಾ ಕೂಗಿದಳು. "ನಿನ್ನ ಟ್ರಾಮಿನ ಹುಚ್ಚಿಗೆ ಬೆಂಕಿ ಬೀಳ!"

ಬ್ಲಾಜೆನಾಗೆ ಅದು ಕೇಳಿಸಲೇ ಇಲ್ಲ. ಆಗಲೇ ಕೆಳಗಿಳಿದು ಗೇಣು ಹಾಕಿ ಅಳೆಯುತ್ತಿದ್ದಳು. ಎರಡು ಗೇಣು ಸರಿದರೆ ಸಾಕು. ಬ್ರನೋದಲ್ಲಿ ಇಂಥದ್ದನ್ನು ಆರು ಸಲ ಮಾಡಿದ್ದಳು. ಓರ್ನೆಲ್ಲಾಳತ್ತ ನೋಡಿ, ಎರಡು ಕೈಯಲ್ಲೂ ಎತ್ತುವಂತೆ ತೋರಿಸಿದಳು. ಓರ್ನೆಲ್ಲಾ ಜೋರಾಗಿ ನಕ್ಕು ಟ್ರಾಮಿನತ್ತ ತಿರುಗಿ ಏನೋ ಕೂಗಿದಳು. ಒಂಬತ್ತು ಜನ ಇಳಿದುಬಂದರು.

ಜನವೇನೋ ಬಂತು, ಆದರೆ ಒಟ್ಟಿಗೆ ಎತ್ತಿಸುವುದು ಹೇಗೆ? ಬ್ಲಾಜೆನಾ ಚೆಕ್ ಭಾಷೆಯಲ್ಲಿ ಎಷ್ಟು ಕಿರುಚಿದರೂ ಒಬ್ಬ ಎಳೆದರೆ ಇನ್ನೊಬ್ಬ ತಳ್ಳುತ್ತಿದ್ದ.

"ತಂಗೀ, ಇವರ ಭಾಷೆ ನಿಂಗೆ ಬರುತ್ತಲ್ವಾ?"

"ಪಿಯಾನೋ ಪಾಠದ ಇಟಾಲಿಯನ್ ಪದ ಬಿಟ್ಟು ಏನೂ ಬರಲ್ಲ!"

"ಅದನ್ನೇ ಹೇಳು ಮಾರಾಯ್ತಿ!"

ಕ್ವೇತಾ ಮೆಟ್ಟಿಲ ಮೇಲೆ ನಿಂತು, ನಲವತ್ತು ವರ್ಷ ಮಕ್ಕಳನ್ನು ಗದರಿಸಿದ ಗಂಟಲಲ್ಲಿ ಕೂಗಿದಳು: "ಫೋರ್ಟೆ!" ಸಂಗೀತದಲ್ಲಿ ಅದು ಜೋರು, ಇಲ್ಲೂ ಜೋರೇ. ಒಂಬತ್ತು ಬೆನ್ನು ಒಟ್ಟಿಗೆ ಎದ್ದವು, ಕಾರಿನ ಬಾಲವೂ ಎದ್ದು ಒಂದು ಗೇಣು ಸರಿಯಿತು. "ಫೋರ್ಟಿಸ್ಸಿಮೋ!" ಇನ್ನೂ ಜೋರು, ಇನ್ನೊಂದು ಗೇಣು ಸರಿಯಿತು. "ಪಿಯಾನೋ... ಪಿಯಾನೋ..." ಅಂದರೆ ಮೆಲ್ಲಗೆ; ಮೊಟ್ಟೆ ಇಟ್ಟಂತೆ ಇಳಿಸಿದರು. ರಸ್ತೆಗೆ ರಸ್ತೆಯೇ ಚಪ್ಪಾಳೆ ತಟ್ಟಿತು. ಕೈಯಲ್ಲಿ ಐಸ್‌ಕ್ರೀಂ ಹಿಡಿದು ಬಂದ ಕಾರಿನ ಯಜಮಾನ ಪೆಚ್ಚಾಗಿ ನಿಂತ.

ಓರ್ನೆಲ್ಲಾ ಬ್ಲಾಜೆನಾಳನ್ನು ಪಕ್ಕಕ್ಕೆ ಕರೆದು, ಕಾಲಲ್ಲಿ ತುಳಿದು ಬಾರಿಸುವ ಗಂಟೆಯನ್ನು ತೋರಿಸಿದಳು. ನಿಲ್ದಾಣದವರೆಗೂ ಬ್ಲಾಜೆನಾ ಅದನ್ನು ತುಳಿದದ್ದೇ ತುಳಿದದ್ದು. ಏದುಸಿರು ಬಿಡುತ್ತ ಅಕ್ಕತಂಗಿಯರು ಡಬ್ಬಿಗೆ ಚೀಲ ಎಸೆದು ಹತ್ತಿದ ನಾಲ್ಕೇ ನಿಮಿಷಕ್ಕೆ ರೈಲು ಹೊರಟಿತು.

ಬೆಳಗ್ಗೆ ಎಚ್ಚರವಾದಾಗ ಕಿಟಕಿಯಾಚೆ ಸಮುದ್ರ. ಸ್ವಲ್ಪ ಹೊತ್ತಿಗೆ ರೈಲು ಬಿಡಿಬಿಡಿಯಾಗಿ, ಸಿಸಿಲಿ ದ್ವೀಪಕ್ಕೆ ದಾಟಿಸುವ ದೊಡ್ಡ ಹಡಗಿನ ಹೊಟ್ಟೆಯೊಳಕ್ಕೆ ಹೋಗತೊಡಗಿತು. ಬ್ಲಾಜೆನಾ ಇದನ್ನು ಓದಿ ತಿಳಿದಿದ್ದಳು, ತಂಗಿಗೆ ಬೇಕೆಂದೇ ಹೇಳಿರಲಿಲ್ಲ.

"ಅಯ್ಯೋ ಅಕ್ಕಾ, ರೈಲನ್ನೇ ಹಡಗು ನುಂಗ್ತಾ ಇದೆ!" ಎನ್ನುತ್ತ ಕ್ವೇತಾ, ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಹಡಗಿನ ಮೇಲಟ್ಟಕ್ಕೆ ಓಡಿದಳು.